ಮೂರು ಗಜ, ಒಂದು ಗೇಣು

ಮೊಣಕಾಲಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಮೈದಾನದಲ್ಲಿ ಓಡುವುದು ಸಾಕು ಎಂದು ಮರಾಠಿಯಲ್ಲಿ ಹೇಳಿದಾಗ ಅತ್ಯಂತ ಸಂತೋಷಪಟ್ಟವಳು ನನ್ನ ಹೆಂಡತಿ. ಖಡಕಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ವಾರದ ಆರು ದಿನ ಫೈಲು, ಏಳನೆಯ ದಿನ ಕಂಟೋನ್ಮೆಂಟಿನ ಕೆಂಪು ಮಣ್ಣಿನ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯದ ರೆಫ್ರಿ. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆದಿತ್ತು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಆಕೆ ನನ್ನ ತೋಳು ಹಿಡಿದುಕೊಂಡು, "ಇನ್ನ ಮುಂದ ರವಿವಾರ ಮನ್ಯಾಗ ಇರ್ತೀರಿ. ಮೆಂತೆ ಪಲ್ಯಾ ಸೋಸ್ಲಿಕ್ಕೆ ನನಗೊಬ್ಬರು ಸಿಕ್ಕಂಗಾತು" ಅಂದಳು.

ಒಂದು ವರ್ಷ ಸೋಸಿದೆ. ಮೆಂತೆ, ರಾಜಗಿರಿ, ಹುಣಸಿಕ್ಕಿ, ಎಲ್ಲ ಸೊಪ್ಪನ್ನೂ ಕಡ್ಡಿಯಿಂದ ಎಲೆ ಬಿಡಿಸಿ ಸೋಸಿದೆ.

ಆಮೇಲೆ ಒಂದು ಯುಗಾದಿ ಬಂತು. ಪುಣೆಯ ಕನ್ನಡಿಗರು ಸೇರಿ ಊಟ ಇಟ್ಟುಕೊಂಡಿದ್ದ ಕಲ್ಯಾಣ ಮಂಟಪದಲ್ಲಿ ನಾನು ಹೋಳಿಗೆಯ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಕಾಲಿಗೆ ಏನನ್ನೋ ಮೆಲ್ಲಗೆ ತಾಗಿಸಿದಂತಾಯಿತು. ತಿರುಗಿ ನೋಡಿದರೆ ವಿದ್ಯುತ್ ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಹುಡುಗಿ. ಇಪ್ಪತ್ತೈದರ ಆಸುಪಾಸು ಇರಬೇಕು. ಕುರ್ಚಿಯ ಬಲಗೈ ಕಡೆ ಸಣ್ಣದೊಂದು ಜಾಯ್‌ಸ್ಟಿಕ್, ಅದರ ಮೇಲೆ ಎರಡು ಬೆರಳು. ಮೈಸೂರು ಕಡೆಯವಳು, ಮಗರಪಟ್ಟಾದಲ್ಲಿ ಕಂಪ್ಯೂಟರ್ ಕೆಲಸ ಎಂದು ಆಮೇಲೆ ತಿಳಿಯಿತು.

"ಅಂಕಲ್, ನೀವು ಫುಟ್‌ಬಾಲ್ ರೆಫ್ರಿ ಅಲ್ವಾ?"

"ಇದ್ದೆ ತಂಗಿ. ಈಗಿಲ್ಲ. ಮೊಣಕಾಲ ಹೋತು. ಓಡ್ಲಿಕ್ಕೆ ಬರೂದಿಲ್ಲ."

"ಒಳ್ಳೇದೇ ಆಯ್ತು. ನಾವೂ ಓಡಲ್ಲ."

ಹೋಳಿಗೆ ಬಡಿಸುವವನು ತುಪ್ಪದ ಸೌಟು ಹಿಡಿದುಕೊಂಡು ನಕ್ಕ. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಕೆ ಅದಕ್ಕೆಲ್ಲ ಕಾಯದೆ ಮುಂದಿನ ರವಿವಾರ ಎಷ್ಟು ಗಂಟೆಗೆ, ಎಲ್ಲಿಗೆ ಬರಬೇಕು ಎಂದು ಹೇಳಿ, ನನ್ನ ಫೋನ್ ನಂಬರು ತೆಗೆದುಕೊಂಡು, ನನಗಿಂತ ಮುಂದೆ ಹೋಗಿ ಹೋಳಿಗೆ ಹಾಕಿಸಿಕೊಂಡಳು.

ಅದು ಒಂದು ಶಾಲೆಯ ಬಾಸ್ಕೆಟ್‌ಬಾಲ್ ಹಾಲ್. ತಗಡಿನ ಮಾಡು, ನುಣುಪಾದ ನೆಲ. ನಾನು ಹೋದಾಗ ಬಾಗಿಲ ಮುಂದೆ ಒಂದು ಪಿಕ್‌ಅಪ್ ಗಾಡಿ ನಿಂತಿತ್ತು. ಅದರಲ್ಲಿ ಈರುಳ್ಳಿ ಸಿಪ್ಪೆಯ ನಡುವೆ, ಎಮ್ಮೆಯನ್ನು ಕಟ್ಟಿದಂತೆ ನಾಲ್ಕೂ ಕಡೆ ಹಗ್ಗ ಬಿಗಿದು ಒಂದು ಗಾಲಿಕುರ್ಚಿಯನ್ನು ನಿಲ್ಲಿಸಿದ್ದರು. ಅದರ ಒಡೆಯ ಮುಂದಿನ ಸೀಟಿನಲ್ಲಿದ್ದ. ಶಿರೂರಿನಿಂದ ಪ್ರತಿ ರವಿವಾರ ಹೀಗೇ ಬರುತ್ತಾನಂತೆ. ಮೂವತ್ತು ದಾಟಿದ ಗಟ್ಟಿಮಾತಿನ ಮರಾಠಿಯವ, ಅಲ್ಲಿ ಗೊಬ್ಬರದ ಅಂಗಡಿ ಇಟ್ಟವ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಕಾ, ನೀವೇನಾ ಹೊಸಾ ಪೊಲೀಸು?" ಎಂದು ಮರಾಠಿಯಲ್ಲಿ ಕೇಳಿದ.

ಒಟ್ಟು ಒಂಬತ್ತು ಮಂದಿ ಆಟಗಾರರು, ಅದರಲ್ಲಿ ಒಬ್ಬ ಬದಲಿ. ಅರ್ಧ ಜನಕ್ಕೆ ಮೈಸೂರಿನ ಹುಡುಗಿ ನಾಯಕಿ, ಉಳಿದರ್ಧಕ್ಕೆ ಶಿರೂರಿನವ ನಾಯಕ. ಒಂದೊಂದು ತಂಡದಿಂದ ನಾಲ್ಕು ಜನ ಅಂಕಣದಲ್ಲಿ ಇರುತ್ತಾರೆ. ಕುರ್ಚಿಯ ಮುಂದೆ, ಪಾದಗಳನ್ನು ಕಾಪಾಡುವ ಹಾಗೆ, ಗಟ್ಟಿ ಗಾರ್ಡು. ಕೆಲವರದು ಕುರ್ಚಿಯ ಜೊತೆಗೇ ಬಂದದ್ದು, ಕೆಲವರದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಚೆಂಡು ನಮ್ಮ ಮಾಮೂಲು ಫುಟ್‌ಬಾಲಿಗಿಂತ ದೊಡ್ಡದು, ಒಂದು ಒಳ್ಳೆ ಕುಂಬಳಕಾಯಿಯಷ್ಟು. ಗೋಲಿಗೆ ಎರಡು ಕಂಬ ಮಾತ್ರ, ಮೇಲೆ ಅಡ್ಡಪಟ್ಟಿ ಇಲ್ಲ. ಚೆಂಡಿನ ಹತ್ತಿರ ಬಂದು ಕುರ್ಚಿಯನ್ನು ಗಿರಕ್ಕನೆ ತಿರುಗಿಸಿ ಗಾರ್ಡಿನಿಂದ ಬಡಿದರೆ ಚೆಂಡು ಗುಂಡಿನ ಹಾಗೆ ಹೋಗುತ್ತದೆ. ಮೊದಲ ಸಲ ಅದು ನನ್ನ ಮೊಣಕಾಲಿನ ಪಕ್ಕದಿಂದ ಹಾದುಹೋದಾಗ ನಾನು ಡಾಕ್ಟರನ್ನು ನೆನೆದೆ.

ಅವತ್ತೇ ಮೊದಲ ತಪ್ಪು ಮಾಡಿದೆ. ನಾಯಕಿಯ ತಂಡದಲ್ಲಿ ಒಬ್ಬ ಗಣಿತದ ಮಾಸ್ತರ ಇದ್ದ. ಖಡಕಿಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುವವನು, ಹುಬ್ಬಳ್ಳಿ ಮೂಲದ ಮನೆತನ. ಮೂಲೆಯಲ್ಲಿ ಅವನ ಕುರ್ಚಿಗೂ ಶಿರೂರಿನವನ ಕುರ್ಚಿಗೂ ಗಾರ್ಡು ಸಿಕ್ಕಿಕೊಂಡಿತು. ಅಯ್ಯೋ ಪಾಪ ಎಂದು ನಾನು ಹೋಗಿ ಮಾಸ್ತರನ ಕುರ್ಚಿಯ ಹಿಡಿಕೆ ಹಿಡಿದು ಹಿಂದಕ್ಕೆ ಎಳೆದುಬಿಟ್ಟೆ. ಹಾಲಿನಲ್ಲಿದ್ದ ಕುರ್ಚಿಗಳೆಲ್ಲ ನಿಂತುಬಿಟ್ಟವು.

"ಸರ್," ಮಾಸ್ತರ ಬಹಳ ಮರ್ಯಾದೆಯಿಂದ ಕೇಳಿದ, "ಕಂಟೋನ್ಮೆಂಟ್ ಮೈದಾನದಾಗ ಇಬ್ಬರು ಆಟಗಾರರು ತಿಕ್ಕಾಡಿದ್ರ, ಒಬ್ಬನ ಬಗಲಾಗ ಕೈ ಹಾಕಿ ಎತ್ತಿ ಬ್ಯಾರೆ ಕಡೆ ಇಡ್ತಿದ್ರೇನ್ರಿ?"

"ಇಲ್ಲಪ್ಪ."

"ಮತ್ತ ನನಗ್ಯಾಕ ಎತ್ತಿದ್ರಿ? ಈ ಕುರ್ಚಿ ಅಂದ್ರ ನಾನರಿ. ಸೀಟಿ ಊದ್ರಿ, ಆಟಾ ನಿಲ್ಲಸ್ರಿ. ಕೈ ಮಾತ್ರ ಹಚ್ಚಬ್ಯಾಡ್ರಿ."

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಅಂದಿನಿಂದ ಇಂದಿನವರೆಗೆ ಅಂಕಣದಲ್ಲಿ ನಾನು ಹಾಗೇ ನಡೆಯುತ್ತೇನೆ.

ಆಟ ಮುಗಿದ ಮೇಲೆ ಮಾಸ್ತರನ ತಾಯಿ ಡಬ್ಬಿ ಬಿಚ್ಚಿ ಎಲ್ಲರಿಗೂ ಒಗ್ಗರಣೆ ಹಚ್ಚಿದ ಚುರುಮುರಿ ಕೊಟ್ಟರು. ನನಗೆ ಒಂದು ಹಿಡಿ ಜಾಸ್ತಿ ಹಾಕಿ, "ನೀವು ಬಂದ್ರಲ್ಲ, ದೇವರು ಬಂದಂಗಾತು ನೋಡ್ರಿ" ಅಂದರು. ಯಾಕೆ ಹಾಗಂದರು ಎನ್ನುವುದು ನಾಯಕಿಯ ಮಾತಿನಿಂದ ತಿಳಿಯಿತು. ಅವರು ಎರಡು ವರ್ಷದಿಂದ ಬರಿಯ ಅಭ್ಯಾಸ ಮಾಡುತ್ತಿದ್ದರು. ನಾಶಿಕದಲ್ಲಿ ಒಂದು ತಂಡ ಇತ್ತು, ಬಂದು ಆಡಲು ತಯಾರಾಗಿತ್ತು. ಆದರೆ ಈ ಆಟದ ರೆಫ್ರಿಯ ಪರೀಕ್ಷೆ ಪಾಸಾದವರು ಇಲ್ಲದೆ ಪಂದ್ಯ ಆಡಿದರೆ ಅದು ಪಂದ್ಯ ಎನಿಸಿಕೊಳ್ಳುವುದಿಲ್ಲ, ಎಲ್ಲೂ ದಾಖಲಾಗುವುದಿಲ್ಲ. ಪಾಸಾದವರು ಎಲ್ಲೋ ದೂರದ ಊರುಗಳಲ್ಲಿ ಇದ್ದರು. ಶ್ರಾವಣದಲ್ಲಿ ಒಬ್ಬ ಪರೀಕ್ಷಕಿ ಒಂದೇ ದಿನದ ಮಟ್ಟಿಗೆ ಪುಣೆಗೆ ಬರುವವರಿದ್ದರು. ಪರೀಕ್ಷೆಗೆ ಕೂಡಲು ಇವರ ಬಳಿ ಯಾರೂ ಇರಲಿಲ್ಲ.

"ನಾನು ಮುಚ್ಚುಮರೆ ಇಲ್ದೆ ಹೇಳ್ಬಿಡ್ತೀನಿ ಅಂಕಲ್," ಎಂದು ಆಕೆ ಜಾಯ್‌ಸ್ಟಿಕ್ ಮೇಲಿನ ಬೆರಳುಗಳನ್ನು ತೋರಿಸಿದಳು. "ಈ ಕೈ ಈಗ ಕೇಳತ್ತೆ. ಮುಂದಿನ ವರ್ಷ ಕೇಳತ್ತಾ ಅಂತ ಡಾಕ್ಟರೂ ಹೇಳಲ್ಲ. ಆಮೇಲೆ ಗದ್ದದಿಂದ ಓಡಿಸೋದು ಕಲೀತೀನಿ, ಕಲ್ತಿರೋರು ಇದಾರೆ, ಅದು ಬೇರೆ ವಿಷಯ. ಆದ್ರೆ ಈ ಕೈಯಲ್ಲಿ ಲೆಕ್ಕಕ್ಕೆ ಬರೋಂಥ ಒಂದು ಮ್ಯಾಚ್ ಆಡ್ಬೇಕು ನಂಗೆ. ಪ್ರಾಕ್ಟೀಸ್ ಮಾಡಿ ಮಾಡಿ ಸಾಕಾಗಿದೆ."

ನಿಯಮದ ಪುಸ್ತಕ ಕೊಡು ಎಂದೆ.

ಆ ಪುಸ್ತಕದಲ್ಲಿ ಉಳಿದದ್ದೆಲ್ಲ ನನಗೆ ಬೇಗ ಹತ್ತಿತು. ಕುರ್ಚಿ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಜೋರಾಗಿ ಓಡಬಾರದು, ಸೊಂಟದ ಪಟ್ಟಿ ಬಿಗಿದಿರಬೇಕು, ಬೇಕೆಂದು ಡಿಕ್ಕಿ ಹೊಡೆಯಬಾರದು. ತಲೆ ಕೆಡಿಸಿದ್ದು ಒಂದೇ ನಿಯಮ. ಚೆಂಡಿನ ಸುತ್ತ ಮೂರು ಮೀಟರಿನೊಳಗೆ ಒಂದು ತಂಡದಿಂದ ಒಬ್ಬ, ಎದುರಾಳಿ ತಂಡದಿಂದ ಒಬ್ಬ. ಅವರಿಬ್ಬರೂ ಚೆಂಡಿಗಾಗಿ ಸೆಣಸುತ್ತಿರುವಾಗ ಎರಡರಲ್ಲಿ ಯಾವುದೇ ತಂಡದ ಇನ್ನೊಬ್ಬ ಆಟಗಾರ ಆ ಮೂರು ಮೀಟರಿನೊಳಗೆ ಬಂದು ಆಟಕ್ಕೆ ಕೈ ಹಾಕಿದರೆ ಅದು ಫೌಲು. ತನ್ನ ಗೋಲಿನ ಮುಂದಿನ ಚೌಕದಲ್ಲಿರುವ ಗೋಲ್‌ಕೀಪರನಿಗೆ ಮಾತ್ರ ವಿನಾಯಿತಿ. ಇಲ್ಲದಿದ್ದರೆ ಎಂಟೂ ಕುರ್ಚಿ ಚೆಂಡಿನ ಮೇಲೆ ಮುಗಿಬಿದ್ದು ಆಟವೇ ನಡೆಯುವುದಿಲ್ಲವಲ್ಲ. ನಿಯಮ ಸರಿ. ಆದರೆ ಚೆಂಡು ಉರುಳುತ್ತಿರುತ್ತದೆ, ಕುರ್ಚಿಗಳು ತಿರುಗುತ್ತಿರುತ್ತವೆ. ಮೂರು ಮೀಟರು ಎಂದರೆ ಎಲ್ಲಿಂದ ಎಲ್ಲಿಗೆ?

ಇಲ್ಲಿ ನಮ್ಮ ಹಿರಿಯರು ಸಹಾಯಕ್ಕೆ ಬಂದರು. ನಮ್ಮಜ್ಜ ಬಾಗಲಕೋಟೆ ಕಡೆಯಿಂದ ಖಣ, ಸೀರೆಗಳ ಗಂಟು ಹೊತ್ತು ಪುಣೆಯ ಪೇಠೆಗೆ ಬಂದವರು. ಅಪ್ಪ, ದೊಡ್ಡಪ್ಪ ಅದೇ ಅಂಗಡಿಯಲ್ಲಿ ಬೆಳೆದರು. ಶಾಲೆ ಬಿಟ್ಟೊಡನೆ ನಾನೂ ಅಲ್ಲೇ, ಗಾದಿಯ ಮೂಲೆಯಲ್ಲಿ. ದೊಡ್ಡಪ್ಪ ಬಟ್ಟೆ ಅಳೆಯುವ ಗಜದ ಕೋಲು ಕೈಯಲ್ಲಿ ಹಿಡಿದಿರುತ್ತಿದ್ದರು, ಆದರೆ ಅದನ್ನು ಬಳಸುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ. ಕಣ್ಣಲ್ಲೇ ಹೇಳಿಬಿಡುತ್ತಿದ್ದರು, ಇದು ಎರಡು ಗಜ, ಇದಕ್ಕೆ ನಾಲ್ಕು ಬೆರಳು ಕಡಿಮೆ. ನಮ್ಮನ್ನೂ ಹಾಗೇ ತಯಾರು ಮಾಡಿದ್ದರು. ತಪ್ಪಿದರೆ ಕೋಲಿನ ತುದಿ ತಲೆಗೆ. ಮೂರು ಮೀಟರನ್ನು ನಾನು ಗಜಕ್ಕೆ ಇಳಿಸಿಕೊಂಡೆ. ಮೂರು ಗಜ, ಮೇಲೆ ಒಂದು ಗೇಣು. ಕೂಡಲೇ ಕಣ್ಣಿಗೆ ಕಂಡಿತು.

ಮನೆಯಲ್ಲಿ ನಡುಮನೆಯ ಮೇಜು ಸರಿಸಿ ಸ್ಟೀಲ್ ಡಬ್ಬಿಗಳನ್ನು ನೆಲದ ಮೇಲಿಟ್ಟೆ. ಬೇಳೆಯ ಡಬ್ಬಿಗಳು ಒಂದು ತಂಡ, ರವೆ ಅವಲಕ್ಕಿಯವು ಇನ್ನೊಂದು. ಒಂದು ಬದನೆಕಾಯಿ ಚೆಂಡು. ಹೆಂಡತಿ ಕೋಲಿನಿಂದ ಡಬ್ಬಿ ಸರಿಸುವುದು, ನಾನು ಸೀಟಿ ಊದುವುದು.

"ಈಗ?"

"ಫೌಲು. ತೊಗರಿಬ್ಯಾಳಿ ಒಳಗ ಬಂತು."

"ಎಲ್ಲಿ ಬಂತು? ನಾ ಸರಿಸೇ ಇಲ್ಲ."

"ಬಂದದ. ನಾಲ್ಕು ಬೆರಳು ಒಳಗದ."

ಆಕೆ ಹೊಲಿಗೆಯ ಅಳತೆ ಟೇಪು ತಂದು ಅಳೆದಳು. ನಾಲ್ಕಲ್ಲ, ಮೂರು ಬೆರಳು. ಹದಿನೈದು ದಿನದಲ್ಲಿ ಆಕೆಯೂ ನನ್ನಷ್ಟೇ ಚುರುಕಾದಳು. ಕುಕ್ಕರು ಕೂಗಿದರೂ ಫೌಲು ಯಾರದು ಎಂದು ಕೇಳುತ್ತಿದ್ದಳು.

ಹೀಗೆ ಕಣ್ಣು ತಯಾರಾಯಿತು. ಕೆಟ್ಟದ್ದು ಇನ್ನೊಂದು ಕಡೆ. ಅದೂ ದೊಡ್ಡಪ್ಪನದೇ ದೇಣಿಗೆ.

ನಮ್ಮ ಅಂಗಡಿಯ ಗಾದಿ ಎಂದರೆ ಪೇಠೆಯ ಕನ್ನಡಿಗರಿಗೆಲ್ಲ ನ್ಯಾಯದ ಕಟ್ಟೆ. ಅಣ್ಣ ತಮ್ಮಂದಿರ ಜಗಳ, ಮೇಲಿನ ಮನೆಯ ನೀರು ಕೆಳಗಿನ ಮನೆಯ ಹಪ್ಪಳದ ಮೇಲೆ ಬಿದ್ದ ಜಗಳ, ಸೊಸೆಯನ್ನು ತವರಿಗೆ ಕಳಿಸುವ ಬಿಡುವ ಜಗಳ, ಎಲ್ಲ ಅಲ್ಲಿಗೆ ಬರುತ್ತಿದ್ದವು. ದೊಡ್ಡಪ್ಪ ಅಡಕೆ ಕತ್ತರಿಸುತ್ತ ಎಲ್ಲ ಕೇಳಿ, ಕೊನೆಗೆ ಇಬ್ಬರಿಗೂ ಏನಾದರೊಂದು ಕೊಟ್ಟು ಕಳಿಸುತ್ತಿದ್ದರು. "ಬಂದವರು ಇಬ್ಬರೂ ಕೈಯಾಗ ಏನಾರ ಹಿಡಕೊಂಡು ಹೋಗಬೇಕು. ಒಬ್ಬನ ಕೈ ಬರಿದಾದ್ರ ನಾಳೆ ಮತ್ತ ಜಗಳ ಹುಟ್ಟತದ" ಅನ್ನುತ್ತಿದ್ದರು. ನಾನು ಮಾತು ಕಲಿತದ್ದೇ ಅವರ ಬಾಯಿಯಿಂದ. ಮಾತಿನ ಜೊತೆ ಇದೂ ಬಂತು. ಕಂಟೋನ್ಮೆಂಟಿನ ಮೈದಾನದಲ್ಲಿ ನಾನು ಇದನ್ನೇ ನಡೆಸಿದವನು. ಒಂದು ತಂಡಕ್ಕೆ ಸಿಗಬೇಕಾದ ಫೌಲು ನನ್ನ ಕಣ್ಣು ತಪ್ಪಿತೆನಿಸಿದರೆ, ಹತ್ತು ನಿಮಿಷದೊಳಗೆ ಅದೇ ತಂಡಕ್ಕೊಂದು ಫ್ರೀ ಕಿಕ್ ಸಿಗುವಂತೆ ನೋಡಿಕೊಳ್ಳುತ್ತಿದ್ದೆ. ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಅಷ್ಟು ವರ್ಷದಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ ಎನ್ನುವುದು ನನ್ನ ಹೆಮ್ಮೆಯಾಗಿತ್ತು.

ಪರೀಕ್ಷೆಗೆ ಮೂರು ವಾರ ಇರುವಾಗ ಪೂರ್ತಿ ಆಟ ಆಡಿಸಿದೆವು. ಶಿರೂರಿನವನು ಹಿಂದಿನಿಂದ ಬಂದು ಮಾಸ್ತರನ ಕುರ್ಚಿಗೆ ಬಲವಾಗಿ ಹೊಡೆದ. ನಾನು ಆ ಕಡೆ ನೋಡುತ್ತಿರಲಿಲ್ಲ. ಮಾಸ್ತರನ ತಾಯಿ ಕೂಗಿದ್ದರಿಂದ ಗೊತ್ತಾಯಿತು, ಅಷ್ಟರಲ್ಲಿ ಚೆಂಡು ಮುಂದೆ ಹೋಗಿತ್ತು. ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತು. ಐದು ನಿಮಿಷದ ಮೇಲೆ, ಎರಡು ಕುರ್ಚಿ ತುಸು ತಾಗಿದ್ದೇ ನೆಪವಾಗಿ, ಸೀಟಿ ಊದಿ ನಾಯಕಿಯ ತಂಡಕ್ಕೆ ಫ್ರೀ ಕಿಕ್ ಕೊಟ್ಟೆ. ಮುಳ್ಳು ಹೊರಬಂತು.

ನಾಯಕಿ ಚೆಂಡಿನ ಹತ್ತಿರ ಬಂದಳು. ಒದೆಯಲಿಲ್ಲ.

"ಇದು ಯಾಕೆ ಅಂಕಲ್?"

"ಫೌಲು ಆತಲ್ಲ."

"ಎಲ್ಲಿ?"

"ಅಲ್ಲೇ. ತಾಗ್ತಲ್ಲ."

"ಅಲ್ಲೇನೂ ಆಗ್ಲಿಲ್ಲ. ಆಗ ಹಿಂದಿನಿಂದ ಹೊಡೆದ್ರಲ್ಲ, ಅದಕ್ಕೆ ಈಗ ಕೊಡ್ತಿದೀರಾ?"

ಶಿರೂರಿನವನಿಗೆ ಕನ್ನಡ ಅಷ್ಟಾಗಿ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. "ಕಾಕಾ ಪ್ರಸಾದ ಹಂಚ್ತಿದ್ದಾರೆ, ಎಲ್ಲರೂ ಕೈ ಚಾಚಿ" ಎಂದು ತನ್ನವರಿಗೆ ಮರಾಠಿಯಲ್ಲಿ ಹೇಳಿದ. ಎಲ್ಲರೂ ನಕ್ಕರು. ನಾಯಕಿ ನಗಲಿಲ್ಲ. ಆಟ ಮುಗಿದ ಮೇಲೆ ಕುರ್ಚಿಯನ್ನು ನನ್ನೆದುರು ತಂದು ನಿಲ್ಲಿಸಿದಳು.

"ದಿನಾ ಇದೇ ಆಗತ್ತೆ ನಂಗೆ, ಅಂಕಲ್. ಆಫೀಸ್ ಪಾರ್ಟಿ ಮೇಲಿನ ಮಹಡೀಲಿ ಇಡ್ತಾರೆ, ಲಿಫ್ಟ್ ಇರಲ್ಲ. ಮಾರನೇ ದಿನ ನನ್ನ ಟೇಬಲ್ ಮೇಲೆ ಒಂದು ಕೇಕ್ ಇಟ್ಟಿರ್ತಾರೆ. ಒಳ್ಳೆ ಜನಾನೇ, ಬೈಯೋಕಾಗಲ್ಲ. ಆದ್ರೆ ಕೇಕ್ ತಿಂದು ತಿಂದು ನಂಗೆ ಸಾಕಾಗಿದೆ. ಇಲ್ಲಿ ಅದು ಬೇಡ. ನೀವು ನೋಡಿದ್ದನ್ನ ಕೊಡಿ. ನೋಡ್ದೇ ಇದ್ದಿದ್ದು ಹೋಯ್ತು, ಹೋಗ್ಲಿ. ಆ ಪರೀಕ್ಷೆ ಮಾಡೋರಿಗೆ ಒಂದು ಕ್ಷಣದಲ್ಲಿ ಗೊತ್ತಾಗ್ಬಿಡತ್ತೆ. ನೀವು ಫೇಲ್ ಆದ್ರೆ ನಾವೂ ಹೋದ್ವಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ.

"ಖರೇನ ಅಂದಾಳ ಆಕಿ," ಅಂದಳು. "ನಿಮ್ಮ ದೊಡ್ಡಪ್ಪ ನಮ್ಮ ಮದುವ್ಯಾಗೂ ಹಂಗ ಮಾಡಿದ್ರು, ಮರತ್ರೇನು? ನಮ್ಮ ತವರಿನವ್ರಿಗೆ ಊಟಕ್ಕ ಭಾಳ ಹೊತ್ತಾತು ಅಂತ ನಮ್ಮಪ್ಪ ಸಿಟ್ಟಾದ್ರು. ನಿಮ್ಮ ದೊಡ್ಡಪ್ಪ ಏನ್ ಮಾಡಿದ್ರು? ಸರಿತೂಗಸ್ಲಿಕ್ಕೆ ನಿಮ್ಮ ಮಂದಿಗೂ ಅಷ್ಟ ಹೊತ್ತು ಮಾಡಿ ಬಡಿಸಿದ್ರು. ನಮ್ಮವರ ಹಸಿವಿ ಏನರ ಕಡಿಮಿ ಆತೇನು? ನಿಮ್ಮವರೂ ಹಸದ್ರು, ಅಷ್ಟ."

ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವರ ನ್ಯಾಯದಲ್ಲಿ ತಪ್ಪಿತ್ತು ಎಂದು ನಾನು ಹೇಳಲಾರೆ. ಅವರ ಎದುರಿಗೆ ಕೂತವರು ನಾಳೆಯೂ ಒಂದೇ ಓಣಿಯಲ್ಲಿ ಬಾಳಬೇಕಾದವರು, ಅದಕ್ಕೆ ತಕ್ಕ ನ್ಯಾಯ ಅದು. ಆದರೆ ಚೆಂಡಿನ ಆಟಕ್ಕೆ ಬಂದವರು ನನ್ನಿಂದ ಸಮಾಧಾನ ಕೇಳಿ ಬಂದವರಲ್ಲ. ಇಷ್ಟು ವರ್ಷ ಕಂಟೋನ್ಮೆಂಟಿನಲ್ಲಿ ನಾನು ಎಷ್ಟು ಜನರ ಗೆಲುವನ್ನು ಸ್ವಲ್ಪ ಸ್ವಲ್ಪ ಕತ್ತರಿಸಿ ಬೇರೆಯವರಿಗೆ ಹಂಚಿದ್ದೆನೋ. ಅದನ್ನು ನೆನೆದು ಅವತ್ತು ಊಟ ರುಚಿಸಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಮಳೆ. ತಗಡಿನ ಮಾಡಿನ ಮೇಲೆ ಆ ಸದ್ದಿಗೆ ಸೀಟಿ ಕೇಳುತ್ತದೋ ಇಲ್ಲವೋ ಎಂಬ ಚಿಂತೆ ನನಗೆ. ಪರೀಕ್ಷಕಿ ಎತ್ತರದ ಹೆಂಗಸು, ಹಿಂದಿಯಲ್ಲಿ ಮಾತು ಕಡಿಮೆ, ಇಂಗ್ಲಿಷಿನಲ್ಲಿ ಇನ್ನೂ ಕಡಿಮೆ. ಕೈಯಲ್ಲೊಂದು ಪ್ಯಾಡು. ಚಹಾ ಬೇಡ, ಚುರುಮುರಿ ಬೇಡ. ಮಾಸ್ತರನ ತಾಯಿ ಎರಡು ಸಲ ಡಬ್ಬಿ ಚಾಚಿ ಸೋತು ಬಂದರು.

ಮೊದಲು ಕುರ್ಚಿಗಳ ಪರೀಕ್ಷೆ. ಒಂದೊಂದಾಗಿ ಗುರುತಿನಿಂದ ಗುರುತಿಗೆ ಓಡಿಸಿ ವೇಗ ನೋಡಿದೆ. ಶಿರೂರಿನವನದು ಸ್ವಲ್ಪ ಜಾಸ್ತಿ ಬಂತು. ಇಳಿಸಿಕೊಂಡು ಬಾ ಎಂದೆ. "ಕಾಕಾ, ಮಳೆಯಲ್ಲಿ ನೆನೆದು ಹುರುಪು ಬಂದಿದೆ ಅದಕ್ಕೆ" ಎಂದ. ಹುರುಪು ಇಳಿಸಿಕೊಂಡು ಬಾ ಎಂದೆ. ಇಳಿಸಿಕೊಂಡು ಬಂದ.

ಮೊದಲರ್ಧದಲ್ಲಿ ಎರಡೂ ಕಡೆ ಒಂದೊಂದು ಗೋಲು. ಎರಡು ಸಲ ಮೂರು ಮೀಟರಿನ ಫೌಲು ಕೊಟ್ಟೆ, ಎರಡೂ ಸರಿಯಾಗಿದ್ದವು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಎರಡನೆಯ ಅರ್ಧ ಮುಗಿಯಲು ನಾಲ್ಕೈದು ನಿಮಿಷ ಇದ್ದಿರಬೇಕು. ನಾನು ಅಂಚಿನ ಗೆರೆಯ ಹತ್ತಿರ ಚೆಂಡು ಹೊರಗೆ ಹೋಯಿತೇ ಎಂದು ಬಗ್ಗಿ ನೋಡುತ್ತಿದ್ದೆ. ಬೆನ್ನ ಹಿಂದೆ ಧಡ್ ಎಂದು ಸದ್ದಾಯಿತು. ತಿರುಗಿದರೆ ನಾಯಕಿಯ ಕುರ್ಚಿ ಅರ್ಧ ಸುತ್ತು ತಿರುಗಿ ನಿಂತಿದೆ, ಆಕೆಯ ಕೈ ಜಾಯ್‌ಸ್ಟಿಕ್ಕಿನಿಂದ ಜಾರಿದೆ, ಪಕ್ಕದಲ್ಲಿ ಶಿರೂರಿನವ ಆಗಷ್ಟೇ ಗುಡಿಯಿಂದ ಹೊರಬಂದ ಭಕ್ತನ ಮುಖ ಮಾಡಿಕೊಂಡು ನಿಂತಿದ್ದಾನೆ. ನಡೆದದ್ದೇನು ಎಂದು ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನಾನು ನೋಡಿರಲಿಲ್ಲ. ಆಕೆಗೆ ಏಟಾಗಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡು ಆಟ ಮುಂದುವರಿಸಿದೆ. ಆಕೆ ಬೆರಳುಗಳನ್ನು ಮತ್ತೆ ಜಾಯ್‌ಸ್ಟಿಕ್ ಮೇಲೆ ಒಂದೊಂದಾಗಿ ಇಟ್ಟುಕೊಂಡಳು. ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು.

ಮುಳ್ಳು ಮತ್ತೆ ಒಳಗೆ ಕೂತಿತು.

ಕೊನೆಯ ನಿಮಿಷ. ಚೆಂಡು ಶಿರೂರಿನವನ ತಂಡದ ಗೋಲಿನ ಮುಂದೆ, ಚೌಕದಿಂದ ಸ್ವಲ್ಪ ಹೊರಗೆ ಉರುಳುತ್ತಿದೆ. ನಾಯಕಿ ಅದರ ಹತ್ತಿರ, ಎದುರಿಗೆ ಅವರ ಒಬ್ಬ ಆಟಗಾರ. ಇಬ್ಬರೇ. ಎಡಗಡೆಯಿಂದ ನಮ್ಮ ಮಾಸ್ತರ ಚೆಂಡು ತನ್ನ ಕಡೆ ಬರಲೆಂದು ಸರಿಯುತ್ತ ಬಂದ. ಬಂದ, ಮತ್ತೂ ಬಂದ. ಎದುರಾಳಿ ಒಂದು ಕ್ಷಣ ಮಾಸ್ತರನ ಕಡೆ ಕುರ್ಚಿ ತಿರುಗಿಸಿದ. ಆ ಕ್ಷಣ ಸಾಕಾಗಿತ್ತು ಆಕೆಗೆ. ಗಿರಕ್ಕನೆ ಒಂದು ಸುತ್ತು, ಗಾರ್ಡು ಬಡಿದ ಸದ್ದು, ಚೆಂಡು ಕಂಬಗಳ ನಡುವೆ.

ಅಷ್ಟು ಚಂದದ ಹೊಡೆತವನ್ನು ನಾನು ಕಂಟೋನ್ಮೆಂಟಿನಲ್ಲಿ ಕೂಡ ಕಂಡಿರಲಿಲ್ಲ. ಹಾಲಿನಲ್ಲಿ ಕೂಗೋ ಕೂಗು. ಆದರೆ ಆಕೆ ತಿರುಗುವ ಮೊದಲೇ ನನ್ನ ಕಣ್ಣು ಬಟ್ಟೆ ಅಳೆದು ಮುಗಿಸಿತ್ತು. ಮಾಸ್ತರ ಒಳಗಿದ್ದ. ಹೆಚ್ಚಲ್ಲ, ಒಂದು ಗೇಣು.

ದೊಡ್ಡಪ್ಪ ಕಿವಿಯಲ್ಲಿ ಬಂದು ಕೂತರು. ಅಡಕೆ ಕತ್ತರಿಸುವ ಸದ್ದು ಸಹಿತ ಕೇಳಿಸಿತು. ಅವಳಿಗೆ ಆಗಲೇ ಅನ್ಯಾಯ ಆಗೇದ, ಒಂದು ಗೇಣು ಯಾರು ನೋಡ್ಯಾರ, ಬಿಡು, ಇಬ್ಬರಿಗೂ ಒಂದೊಂದು ಆತು. ನನ್ನ ಜೀವಕ್ಕೂ ಅದೇ ಬೇಕಾಗಿತ್ತು. ಆ ಗೋಲನ್ನು ಬಿಟ್ಟರೆ ಆಕೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದಿತ್ತು.

ಸೀಟಿ ಊದಿದೆ. ಕೈ ಮೇಲೆತ್ತಿದೆ. ಗೋಲು ಇಲ್ಲ, ಶಿರೂರಿನವನ ತಂಡಕ್ಕೆ ಫ್ರೀ ಕಿಕ್.

ಮೊದಲು ಬಂದದ್ದು ಮಾಸ್ತರನ ತಾಯಿಯ ದನಿ. "ಏನ್ರಿ, ಕಣ್ಣಿಗೆ ಏನ್ ಸುಣ್ಣಾ ಹಚಗೊಂಡೀರೇನು? ನನ್ನ ಮಗಾ ಎಲ್ಲಿ ಅದಾನ, ಚೆಂಡ ಎಲ್ಲಿ ಅದ! ಇಂಥವ್ರಿಗೆ ನಾ ಚುರುಮುರಿ ತಿನಿಸಿದ್ನಲ್ಲಾ!" ಮಳೆಯ ಸದ್ದನ್ನೂ ಮೀರಿ ಆ ದನಿ ಹಾಲಿನ ಮೂಲೆ ಮೂಲೆಗೆ ಹೋಯಿತು. ನನ್ನನ್ನು ದೇವರೆಂದು ಕರೆದಿದ್ದ ಬಾಯಿ ಅದು.

ನಾಯಕಿ ಕುರ್ಚಿಯನ್ನು ಸರ್ರನೆ ನನ್ನೆದುರು ತಂದಳು. ಮುಖ ಕೆಂಪಾಗಿತ್ತು.

"ಮೂರು ಮೀಟರ್ ಆಚೆ ಇದ್ರು ಅವ್ರು."

"ಇರಲಿಲ್ಲ."

"ಇದ್ರು. ಟೇಪ್ ತರ್ಸಿ."

"ಟೇಪ್ ಇಲ್ಲ. ಸೀಟಿ ಅದ."

"ಅಂಕಲ್, ಆಗ ನನಗೆ ಹೊಡೆದಾಗ ಈ ಸೀಟಿ ಎಲ್ಲಿ ಹೋಗಿತ್ತು?"

"ಅದನ್ನ ನಾ ನೋಡ್ಲಿಲ್ಲ. ಇದನ್ನ ನೋಡೀನಿ."

ಆಕೆ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನಾನು ಅಂಗಿಯ ಕಿಸೆಯ ಮೇಲೆ ಕೈ ಇಟ್ಟೆ. ಅದರಲ್ಲಿ ಹಳದಿ ಕಾರ್ಡು ಇದ್ದದ್ದು ಆಕೆಗೆ ಗೊತ್ತು. ಕುರ್ಚಿಯನ್ನು ಹಿಂದಕ್ಕೆ ತೆಗೆದುಕೊಂಡಳು, ಆದರೆ ನನ್ನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ಫ್ರೀ ಕಿಕ್ ಗೋಡೆಗೆ ಹೋಯಿತು, ಸಮಯ ಮುಗಿಯಿತು. ಒಂದು ಒಂದು.

ಪರೀಕ್ಷಕಿ ನನ್ನನ್ನು ಬೆಂಚಿನ ಮೇಲೆ ಕೂಡಿಸಿ ಪ್ಯಾಡು ನೋಡುತ್ತ ಕೇಳಿದರು. ಎರಡನೆಯ ಅರ್ಧದಲ್ಲಿ ಹಿಂದಿನಿಂದ ಒಂದು ಡಿಕ್ಕಿ ಆಯಿತು, ಯಾಕೆ ಕೊಡಲಿಲ್ಲ? ನಾನು ತಪ್ಪು ಜಾಗದಲ್ಲಿ ನಿಂತಿದ್ದೆ, ಕಾಣಲಿಲ್ಲ ಎಂದೆ. ಬರೆದುಕೊಂಡರು. ಕೊನೆಯ ಗೋಲು? ಎಷ್ಟು ಒಳಗಿದ್ದ? ಗೇಣು ಎಂಬುದಕ್ಕೆ ಹಿಂದಿ ಹೊಳೆಯದೆ ಕೈ ಚಾಚಿ ತೋರಿಸಿದೆ. ಅದನ್ನೂ ಬರೆದುಕೊಂಡರು. ಅವರ ಮುಖದಲ್ಲಿ ಏನನ್ನೂ ಓದಲಾಗಲಿಲ್ಲ. ಆಮೇಲೆ ಇಬ್ಬರೂ ನಾಯಕರನ್ನು ನನ್ನೆದುರಿಗೇ ಕರೆದು, ನಿಮ್ಮ ಅಭಿಪ್ರಾಯ ಹೇಳಿ ಅಂದರು.

ಶಿರೂರಿನವ ಮೊದಲು ಮಾತಾಡಿದ. "ಬಹಳ ಒಳ್ಳೆಯ ರೆಫ್ರಿ. ನಾನು ಹೊಡೆದದ್ದನ್ನು ನೋಡಲೇ ಇಲ್ಲ." ಪರೀಕ್ಷಕಿಯ ತುಟಿ ಆ ದಿನ ಮೊದಲ ಬಾರಿಗೆ ಅಲುಗಿತು.

ನಾಯಕಿ ನನ್ನ ಕಡೆ ನೋಡದೆ ಹಿಂದಿಯಲ್ಲಿ ಹೇಳಿದಳು. "ನನ್ನ ಗೋಲು ಸರಿಯಾಗಿತ್ತು. ಇವರು ಕೊಟ್ಟದ್ದು ತಪ್ಪು. ಇವರನ್ನ ಪಾಸ್ ಮಾಡಿ."

"ತಪ್ಪು ಎನ್ನುತ್ತೀರಿ, ಪಾಸ್ ಮಾಡಿ ಎನ್ನುತ್ತೀರಿ."

"ನನಗೆ ಹೊಡೆತ ಬಿತ್ತು ಅಂತ ಇವರಿಗೆ ಗೊತ್ತಿತ್ತು. ಮುಖ ನೋಡಿದೆ ನಾನು. ಮೂರು ವಾರದ ಹಿಂದೆ ಆಗಿದ್ದಿದ್ದರೆ ಈ ಗೋಲನ್ನ ನನಗೆ ಕೊಟ್ಟುಬಿಡ್ತಿದ್ದರು. ಇವತ್ತು ಕೊಡಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸಿದಳು, "ಆದ್ರೂ ತಪ್ಪೇ ಅಂಕಲ್. ಇದನ್ನ ನಾನು ಬಿಡಲ್ಲ."

ಪರೀಕ್ಷಕಿ ಇನ್ನೆರಡು ಸಾಲು ಬರೆದರು. ಚೆಂಡು ಅಂಚಿನಲ್ಲಿದ್ದಾಗ ಎಲ್ಲಿ ನಿಲ್ಲಬೇಕು ಎಂದು ನೆಲದ ಮೇಲೆ ನಿಂತು ತೋರಿಸಿದರು, ಬೆನ್ನು ಯಾವತ್ತೂ ಆಟಕ್ಕೆ ತಿರುಗಿರಬಾರದು ಎಂದರು. ಎರಡು ಸಲ ನನ್ನಿಂದ ಮಾಡಿಸಿದರು. ಆಮೇಲೆ ಕಾಗದಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಟ್ಟು, ಈಗ ಚಹಾ ಕುಡಿಯುತ್ತೇನೆ ಅಂದರು.

ಕಾಗದ ನೋಡಿ ಶಿರೂರಿನವ ಅಲ್ಲೇ ಫೋನು ತೆಗೆದು ನಾಶಿಕದವರಿಗೆ ಹಚ್ಚಿದ. ನಾವೆಲ್ಲ ಸುತ್ತ ನೆರೆದಿದ್ದೆವು. ಮಾಸ್ತರನ ತಾಯಿ ಮಾತ್ರ ದೂರ, ನನ್ನ ಕಡೆ ಬೆನ್ನು ಹಾಕಿ ಡಬ್ಬಿಯ ಮುಚ್ಚಳ ಬಡಿಬಡಿದು ಮುಚ್ಚುತ್ತಿದ್ದರು. ಅವನ ಮರಾಠಿ ಅರ್ಧ ಮಳೆಯಲ್ಲಿ ಕೊಚ್ಚಿಹೋಗುತ್ತಿತ್ತು. ಮುಂದಿನದರ ಮುಂದಿನ ರವಿವಾರ ಬನ್ನಿ, ಹಾಲ್ ಇದೆ, ಇದು ಲೆಕ್ಕಕ್ಕೆ ಬರುವ ಮ್ಯಾಚು, ಹೌದು, ನಮ್ಮ ರೆಫ್ರಿ ಇದ್ದಾರೆ.

"ಕಣ್ಣು ಸರಿ ಇಲ್ಲ ಅಂತಾನೂ ಹೇಳಿ," ಎಂದು ನಾಯಕಿ ಪಕ್ಕದಿಂದ ಕೂಗಿದಳು.

ಅವನು ಅದನ್ನೂ ಹೇಳಿದ. ಆ ಕಡೆಯಿಂದ ಏನೋ ಉತ್ತರ ಬಂತು, ಅವನು ಜೋರಾಗಿ ನಕ್ಕು ಫೋನನ್ನು ಎದೆಗೆ ಒತ್ತಿ ನಮಗೆ ಹೇಳಿದ, "ಹಾಗಿದ್ದರೆ 'ನಮ್ಮ ರೆಫ್ರಿ' ಅಂತ ಯಾಕೆ ಕೊಚ್ಚಿಕೊಳ್ಳುತ್ತೀರಿ ಅಂತ ಕೇಳ್ತಿದ್ದಾರೆ."

ನಾಯಕಿ ಆಗಲೇ ಕುರ್ಚಿ ತಿರುಗಿಸಿಕೊಂಡು ಗೋಲಿನ ಕಡೆ ಹೊರಟಿದ್ದಳು. ಮಾಸ್ತರನನ್ನು ಕರೆದು, ಎಲ್ಲಿದ್ದನೋ ಅಲ್ಲೇ ನಿಲ್ಲಿಸಿ, ಅದೇ ಹೊಡೆತವನ್ನು ಮತ್ತೆ ಹೊಡೆಯಲು ಶುರುಮಾಡಿದಳು. ಪ್ರತಿ ಸಲ ಅವನಿಗೆ, "ಇನ್ನೂ ಸ್ವಲ್ಪ ಹಿಂದೆ. ಹಿಂದೆ ಹೋಗಿ ಸರ್, ಇನ್ನೂ ಹಿಂದೆ" ಎಂದು ಹೇಳುತ್ತಿದ್ದಳು.